ಬಿಜಾಗ್ರಿ ನಮ್ಮದು, ಬಾಗಿಲು ಅವರದು

ಕಾರಿನ ಬಾಗಿಲಿಗೆ ಬಿಜಾಗ್ರಿ, ಅಂದರೆ ಬಾಗಿಲು ತಿರುಗುವ ಕೀಲು, ಮಾಡುವ ಕೆಲಸದಲ್ಲಿ ನಗುವಂಥದ್ದು ಏನಿರುತ್ತದೆ ಎಂದು ಜನ ಕೇಳುತ್ತಾರೆ. ಸೇರುವಾಗ ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ನಮ್ಮ ಕಾರ್ಖಾನೆಯಲ್ಲಿ ಅಮಾವಾಸ್ಯೆಗೊಂದು ಹುಣ್ಣಿಮೆಗೊಂದು ಏನಾದರೂ ನಡೆಯಲೇಬೇಕು. ನಡೆಯದಿದ್ದರೆ ಯಂತ್ರ ಕೆಟ್ಟಿದೆ ಅಂತ ತಿಳಿಯಬೇಕು.

ನಿಪ್ಪಾಣಿಯ ಹೊರಗೆ, ಹೆದ್ದಾರಿಗೆ ಬೆನ್ನು ಹಾಕಿ ನಿಂತ ತಗಡಿನ ಶೆಡ್ಡು ನಮ್ಮದು. ಒಬ್ಬರು ಮಾಲಕರು, ಒಂದಿಷ್ಟು ಯಂತ್ರ, ಅವನ್ನು ನಡೆಸುವವರು, ಮಾಲು ಪರೀಕ್ಷಿಸಿ ಕಳಿಸುವ ನಾನು. ಗಿರಾಕಿಯೂ ಒಬ್ಬರೇ: ಗಡಿಯಾಚೆಯ ಒಂದು ಕಾರು ಕಂಪನಿ. ಅಲ್ಲಿಗೆ ಒಬ್ಬ ಸಾಹೇಬ ಬಂದರೆ "ಎಲ್ಲವನ್ನೂ ನಾವೇ ಯಾಕೆ ಮಾಡಬೇಕು, ಹೊರಗೆ ಕೊಡಿ" ಅನ್ನುತ್ತಾರೆ. ಅವರು ಹೋಗಿ ಇನ್ನೊಬ್ಬರು ಬಂದರೆ "ಹೊರಗೆ ಯಾಕೆ ಕೊಡಬೇಕು, ನಾವೇ ಮಾಡೋಣ" ಅನ್ನುತ್ತಾರೆ. ಈ ಎರಡು ಮಾತಿನ ನಡುವೆ ನಮ್ಮ ಹೊಟ್ಟೆಪಾಡು. ಹಾಗಾಗಿ ಫೋನು ರಿಂಗಾದರೆ ಸಾಕು, ನಾನು ಕೂತಲ್ಲಿಂದ ಎದ್ದು ನಿಲ್ಲುತ್ತೇನೆ. ಮನೆಯಲ್ಲಿ ಕುಕ್ಕರ್ ಕೂಗಿದರೂ ಎದ್ದು ನಿಲ್ಲುತ್ತೇನೆ.

ಮದುವೆಗೆ ಹೋದದ್ದು

ಈ ಚಡಪಡಿಕೆಯಿಂದ ನನಗೊಂದು ಚಟ ಅಂಟಿಕೊಂಡಿತು. ಆ ಕಂಪನಿಯ ಕಾರು ಎಲ್ಲಿ ಕಂಡರೂ ಅದರ ಬಾಗಿಲು ತೆಗೆದು ಹಾಕಿ ನೋಡಬೇಕು. ಕಿರ್ ಅಂದರೆ ಆ ದಿನ ಊಟ ಸೇರುವುದಿಲ್ಲ.

ಅಥಣಿಯಲ್ಲೊಂದು ಮದುವೆ. ಅಕ್ಷತೆಗೆ ಇನ್ನೂ ಹೊತ್ತಿತ್ತು. ಮಂಗಲ ಕಾರ್ಯಾಲಯದ ಹೊರಗೆ ಸಾಲಾಗಿ ಕಾರು ನಿಂತಿದ್ದವು, ಅವುಗಳಲ್ಲೊಂದು ನಮ್ಮ ಬಿಜಾಗ್ರಿಯದು. ಕೈ ಹಾಕಿದೆ, ಬಾಗಿಲು ತೆರೆಯಿತು. ಕಿವಿ ಹಚ್ಚಿ ಮುಚ್ಚಿದೆ, ಮತ್ತೆ ತೆರೆದೆ. ಮೂರನೆಯ ಸಲ ಮುಚ್ಚುವಾಗ ಹಿಂದಿನಿಂದ ಯಾರೋ ನನ್ನ ಕೊರಳಪಟ್ಟಿ ಹಿಡಿದರು.

"ಏನ ನಡಸೀರಿ?"

"ಬಿಜಾಗ್ರಿ ನೋಡಾಕತ್ತೀನ್ರಿ. ನಾವ ಮಾಡಿದ್ದದು."

ಹಿಡಿದವರು ಇನ್ನಷ್ಟು ಬಿಗಿಯಾಗಿ ಹಿಡಿದರು. ಅಷ್ಟರಲ್ಲಿ ಕಾರಿನ ಯಜಮಾನರು ಬಂದರು. ಮದುಮಗಳ ಸೋದರಮಾವ, ದ್ರಾಕ್ಷಿ ತೋಟದ ದೊಡ್ಡ ರೈತರು. ನಾನು ಎಲ್ಲವನ್ನೂ ಮೊದಲಿಂದ ಹೇಳಿದೆ. ಅವರು ಪೂರ್ತಿ ಕೇಳಿದರು.

"ಹಂಗಾರ ಈ ಕಾರ ಮಾಡಿದವ್ರು ನೀವ?"

"ಕಾರಲ್ರಿ, ಬಿಜಾಗ್ರಿ."

"ಬಿಜಾಗ್ರಿ ಚಲೋ ಐತಿ ಬಿಡ್ರಿ. ಏಸಿ ತಂಪ ಆಗವಲ್ದು. ಹೆಂಗೂ ಬಂದೀರಿ, ಅದನ್ನೊಂದೀಟ ನೋಡ್ರಿ."

ಒಳಗೆ ಅಕ್ಷತೆ ಬಿದ್ದಾಗ ನಾನು ಹೊರಗೆ ಬಾನೆಟ್ಟಿನೊಳಗೆ ತಲೆ ಹಾಕಿ ನಿಂತಿದ್ದೆ.

ಹೋಳಿಗೆ

ಹಬ್ಬಕ್ಕೆ ನನ್ನ ಹೆಂಡತಿ ಹೋಳಿಗೆಯನ್ನು ಶೇಡಬಾಳದ ಒಬ್ಬ ಅಕ್ಕಾರಿಗೆ ಹೇಳಿ ತರಿಸಿದಳು. ನನಗೆ ಸಿಟ್ಟು ಬಂತು.

"ಹಬ್ಬದ ಹೋಳಿಗಿ ಹೊರಗಿಂದ ತರಸೂದಂದ್ರ ಏನು? ಮನ್ಯಾಗ ಕೈ ಇಲ್ಲೇನು?"

ಅವಳು ತಿರುಗಿಯೂ ನೋಡಲಿಲ್ಲ. "ನೀವು ದಿನಾ ಫೋನಿನ್ಯಾಗ ಕಂಪನಿಯವ್ರಿಗೆ ಏನ ಹೇಳ್ತೀರಿ? ಹೊರಗ ಕೊಡ್ರಿ ಸಾಹೇಬ್ರ, ನಿಮಗ ತ್ರಾಸ ಕಡಿಮಿ, ಮಾಲ ಚಲೋ ಅಂತ ಹೇಳ್ತೀರಿಲ್ಲೋ? ಅದನ್ನ ಕೇಳಿ ಕೇಳಿ ನನಗೂ ಖರೇ ಅನ್ನಿಸ್ತು."

ನಾನು ಉಣ್ಣಲು ಕೂತೆ. ಹೋಳಿಗೆ ನಮ್ಮ ಮನೆಯದಕ್ಕಿಂತ ಮೆತ್ತಗಿತ್ತು, ಹೂರಣವೂ ಅಂಚಿನವರೆಗೆ ಇತ್ತು. ಇದನ್ನು ಕಂಪನಿಯವರಿಗೆ ಹೇಳಬೇಕು ಅನ್ನಿಸಿತು. ಮನೆಯಲ್ಲಿ ಹೇಳುವ ಧೈರ್ಯ ಮಾತ್ರ ಬರಲಿಲ್ಲ.

ಒಂದೇ ಸೂರು

ಹೋದ ವರ್ಷ ಆ ಕಂಪನಿಗೆ ಮತ್ತೊಬ್ಬ ಹೊಸ ಸಾಹೇಬರು ಬಂದರು. ಅವರು ನಮ್ಮ ಕಾರ್ಖಾನೆ ನೋಡಲು ಬರುತ್ತಾರೆ, ಆಮೇಲೆ ಬಿಜಾಗ್ರಿ ನಮ್ಮಲ್ಲೇ ಇರಬೇಕೋ ಅವರೇ ಮಾಡಿಕೊಳ್ಳಬೇಕೋ ತೀರ್ಮಾನಿಸುತ್ತಾರೆ ಎಂದು ಸುದ್ದಿ. ಅವರದೊಂದು ಷರತ್ತು: ಬಿಜಾಗ್ರಿಯ ಪ್ರತಿ ತುಣುಕೂ ನಮ್ಮಲ್ಲೇ ಆಗಬೇಕು, ನಾವು ಇನ್ನೊಬ್ಬರ ಕೈಯಲ್ಲಿ ಮಾಡಿಸಿರಬಾರದು. ಮಾಲಕರು ಫೋನಿನಲ್ಲೇ ಹೇಳಿಬಿಟ್ಟರು: "ಎಲ್ಲಾ ನಮ್ಮಲ್ಲೇ ರಿ ಸಾಹೇಬ್ರ. ಒಂದ ಸೂರಿನ ಕೆಳಗ."

ಮುಕ್ಕಾಲು ಪಾಲು ನಿಜವೇ. ತಗಡು ಕತ್ತರಿಸುವುದು, ಬಗ್ಗಿಸುವುದು, ತೂತು ಹೊಡೆಯುವುದು, ಜೋಡಿಸುವುದು ಎಲ್ಲ ನಮ್ಮಲ್ಲೇ. ನಡುವೆ ಹೋಗುವ ಪಿನ್ನು ಮಾತ್ರ ಸದಲಗಾದ ಒಬ್ಬನಿಂದ ಬರುತ್ತಿತ್ತು. ಅವನ ಕೊಟ್ಟಿಗೆಯ ಒಂದು ಬದಿಗೆ ಲೇಥ್ ಯಂತ್ರ, ಇನ್ನೊಂದು ಬದಿಗೆ ಎಮ್ಮೆ. ಹಾಲು ಹಿಂಡಿ ಡೇರಿಗೆ ಹಾಕಿ ಬಂದು ಪಿನ್ನು ಕಡೆಯುತ್ತಿದ್ದ. ಚೀಲ ಹೊತ್ತು ಬಂದರೆ ನಮ್ಮ ಮಾಲಕರು ಅವನನ್ನು ಬಾಗಿಲಲ್ಲೇ ನಿಲ್ಲಿಸಿ, "ಅಲ್ಲೇ ಇಟ್ಟ ಹೋಗಲೇ" ಅನ್ನುತ್ತಿದ್ದರು.

ಈಗ ಅದೇ ಮಾಲಕರು ಅವನಿಗೆ ಫೋನು ಹಚ್ಚಿದರು. "ಲೇ, ನಿನ್ನ ಲೇಥ್ ತಗೊಂಡ ಒಂದಿನ ಇಲ್ಲಿ ಬಾ. ಕೇಳಿದ್ರ ನಮ್ಮ ಆಳ ಅಂತ ಹೇಳು."

"ಬರ್ತೀನ್ರಿ. ಎಮ್ಮಿ ಏನ ಮಾಡ್ಲಿ?"

"ಎಮ್ಮಿ ಮನ್ಯಾಗ ಇರ್ಲಿ."

"ಅದು ನನ್ನ ಕೈ ಬಿಟ್ಟ ಯಾರಿಗೂ ಹಾಲ ಬಿಡೂದಿಲ್ರಿ. ಹೊತ್ತ ತಪ್ಪಿದ್ರ ಕೆಚ್ಚಲ ಬಾತಕೊಳ್ತೈತಿ."

ಟ್ರ್ಯಾಕ್ಟರ್ ಟ್ರೇಲರಿನಲ್ಲಿ ಮುಂದೆ ಲೇಥ್, ಹಿಂದೆ ಎಮ್ಮೆ ಬಂದಿಳಿದವು. ಲೇಥನ್ನು ಒಳಗೆ ಕೂರಿಸಿ ಸುತ್ತ ಹಳದಿ ಪಟ್ಟೆ ಬಳಿದೆವು. ಎಮ್ಮೆಯನ್ನು ಶೆಡ್ಡಿನ ಹಿಂದೆ ಬೇವಿನ ಮರಕ್ಕೆ ಕಟ್ಟಿ ತಾಡಪತ್ರಿ ಮರೆ ಮಾಡಿದೆವು. ಸಾಹೇಬರು ಬಂದರು, ಎಲ್ಲ ನೋಡಿದರು, ಪಿನ್ನನ್ನು ಬೆಳಕಿಗೆ ಹಿಡಿದು ತಲೆಯಾಡಿಸಿದರು. ಇನ್ನೇನು ಗೆದ್ದೆವು ಅನ್ನುವಾಗ ಹಿಂದಿನಿಂದ ಎಮ್ಮೆ ಒದರಿತು. ಹಿಂಡುವ ಹೊತ್ತಾಗಿತ್ತು.

ಸದಲಗಾದವನು ಲೇಥ್ ಬಂದ್ ಮಾಡಿ, ಕೈ ತೊಳೆದು, ಬಕೆಟ್ಟು ಹಿಡಿದು ನಡೆದೇಬಿಟ್ಟ. ಸಾಹೇಬರು ಅವನ ಹಿಂದೆ, ನಾವು ಸಾಹೇಬರ ಹಿಂದೆ. ತಾಡಪತ್ರಿ ಸರಿಸಿದರೆ ನಮ್ಮ ಕಾರ್ಖಾನೆಯ ಅಂಗಿ ತೊಟ್ಟವನು ಎಮ್ಮೆಯ ಮಗ್ಗುಲಲ್ಲಿ ಕುಕ್ಕರಗಾಲಿನಲ್ಲಿ ಕೂತಿದ್ದಾನೆ.

"ಹೇ ಕಾಯ್?" ಇದೇನು ಎಂದು ಸಾಹೇಬರು ಮರಾಠಿಯಲ್ಲಿ ಕೇಳಿದರು.

ನಾನು ಬೇವಿನ ಎಲೆ ಎಣಿಸತೊಡಗಿದೆ. ಮಾಲಕರು ಮಾತ್ರ ಒಂದು ಕ್ಷಣವೂ ತಡಮಾಡಲಿಲ್ಲ. "ಕ್ಯಾಂಟೀನ್ ರಿ. ಹಾಲೂ ನಮ್ಮಲ್ಲೇ."

ಸದಲಗಾಕ್ಕೆ ಹೋದದ್ದು

ಸಾಹೇಬರು ಆ ಹಾಲಿನ ಚಹಾ ಎರಡು ಸಲ ಕುಡಿದು, ಹೋಗುವಾಗ ಸದಲಗಾದವನ ನಂಬರನ್ನು ತಾವೇ ಕೇಳಿ ಬರೆದುಕೊಂಡರು. ಹಾಲಿನ ಸಲುವಾಗಿ ಅಂದುಕೊಂಡೆವು.

ತಿಂಗಳು ಕಳೆಯುವುದರೊಳಗೆ ಕಂಪನಿಯಿಂದ ಫೋನು: ಬಿಜಾಗ್ರಿಯನ್ನು ಇನ್ನು ತಾವೇ ಮಾಡಿಕೊಳ್ಳುತ್ತಾರಂತೆ. ಮಾಲಕರು ಫೋನು ಕೆಳಗಿಟ್ಟು ಕಸಬರಿಗೆ ಹಿಡಿದರು. ಗುಡಿಸಿದ ಜಾಗವನ್ನೇ ಮತ್ತೆ ಮತ್ತೆ ಗುಡಿಸಿದರು. ಚಿಕ್ಕೋಡಿ, ರಾಯಬಾಗ ಕಡೆಯಿಂದ ಬರುತ್ತಿದ್ದ ಹುಡುಗರಿಗೆ ನಾಳೆ ಬರಬೇಕೋ ಬೇಡವೋ ಹೇಳುವವರಿಲ್ಲ. ನನಗೆ ನಿಜವಾಗಿ ಹೆದರಿಕೆಯಾಗಿತ್ತು. ಬಿಜಾಗ್ರಿ ಬಿಟ್ಟರೆ ನನಗೆ ಬೇರೆ ಏನೂ ಬರುವುದಿಲ್ಲ. ನಿಂತ ಯಂತ್ರಗಳ ನಡುವೆ ಓಡಾಡುತ್ತ ನಮ್ಮ ಶೆಡ್ಡಿನ ಬಾಗಿಲನ್ನೇ ತೆಗೆದು ಹಾಕಿ ನೋಡುತ್ತಿದ್ದೆ. ಅದು ಮಾತ್ರ ಕಿರ್ ಅನ್ನುತ್ತಿತ್ತು.

ಆಗ ಸದಲಗಾದವನ ಫೋನು ನನಗೆ ಬಂತು. "ಮಾಲಕರನ್ನ ಕರ್ಕೊಂಡ ಒಂದೀಟ ಈ ಕಡೆ ಬರ್ರಿ. ಮಾತಾಡೂದೈತಿ."

"ಅವನ ಬರ್ಲಿ ಇಲ್ಲಿ" ಅಂದರು ಮಾಲಕರು. ಹಾಗೆ ಅನ್ನುತ್ತಲೇ ಚಪ್ಪಲಿ ಮೆಟ್ಟಿದರು, ಯಾಕೆಂದರೆ ಗುಡಿಸಲು ಇನ್ನು ಕಸವೇ ಉಳಿದಿರಲಿಲ್ಲ.

ಅವನು ನಮ್ಮನ್ನು ಹೊರಸಿನ ಮೇಲೆ ಕೂರಿಸಿ, ಚಹಾ ಕೊಟ್ಟು, ಆಮೇಲೆ ವಿಷಯ ತೆಗೆದ. ಕಂಪನಿಯವರು ಬಿಜಾಗ್ರಿ ತಾವೇ ಮಾಡುತ್ತಿರುವುದು ಖರೆ. ಆದರೆ ಪಿನ್ನು ಕಡೆಯುವ ತಾಪತ್ರಯ ಅವರಿಗೆ ಬೇಡವಾಗಿ, ಅದನ್ನು ಹೊರಗೆ ಕೊಡಲು ನಿರ್ಧರಿಸಿದ್ದಾರೆ. ಸಾಹೇಬರ ಹತ್ತಿರ ಇವನ ನಂಬರು ಇತ್ತು.

"ಭಾಳ ಮಾಲ ಕೇಳಾಕತ್ತಾರ್ರಿ. ನನ್ನ ಒಂದ ಲೇಥಿಗೆ ಆಗೂದಲ್ಲ. ಅದಕ್ಕ ನಾನೂ ಅರ್ಧಾ ಹೊರಗ ಕೊಡೂದಂತ ಮಾಡೀನಿ."

ನಮ್ಮ ಮಾಲಕರು ಹೊರಸಿನ ತುದಿಗೆ ಸರಿದು ಕೂತರು. ಲೇ ಎಂಬುದು ಆಗಲೇ ಎಲ್ಲೋ ಹೋಗಿತ್ತು. "ನಾವದೀವಲ್ರಿ ಅಣ್ಣಾರ. ನಮಗ ಕೊಡ್ರಿ."

"ಕೊಡಾಕ ಏನ್ರಿ. ಆದ್ರ ಕಂಪನಿ ಷರತ್ತ ನಿಮಗ ಗೊತ್ತೈತಿ." ಅವನು ಲೋಟ ಕೆಳಗಿಟ್ಟ. "ನೀವು ಎಲ್ಲಾ ನಿಮ್ಮಲ್ಲೇ ಮಾಡ್ತೀರೋ, ಮತ್ತ ಯಾರಿಗರೆ ಹೊರಗ ಕೊಡ್ತೀರೋ?"

"ಎಲ್ಲಾ ನಮ್ಮಲ್ಲೇ ರಿ" ಅಂದರು ಮಾಲಕರು. "ಒಂದ ಸೂರಿನ ಕೆಳಗ."

"ಲೇಥ್ ಎಲ್ಲೈತ್ರಿ ನಿಮ್ಮಲ್ಲಿ?"

"ನೀವು ನೋಡಾಕ ಬರೂದ್ರಾಗ ಇರ್ತೈತ್ರಿ ಅಣ್ಣಾರ."

ಅವನು ಮುಖದ ಮೇಲೆ ಒಂದು ಗೆರೆಯೂ ಅಲುಗಿಸದೆ ಎದ್ದು, ಎಮ್ಮೆಯ ಮುಂದೆ ಮೇವು ಹಾಕಿ, ಅದರ ಬೆನ್ನು ಸವರಿದ. "ಚಲೋ ಆತು. ಮುಂದಿನ ವಾರ ಬರ್ತೀನಿ. ಕ್ಯಾಂಟೀನ್ ಐತಲ್ರಿ?"

"ಐತ್ರಿ" ಅಂದರು ನಮ್ಮ ಮಾಲಕರು.

ಓಣಿ ದಾಟಿದೆವು. ಆಮೇಲೆ ಅವರು ನನ್ನ ಕಡೆ ನೋಡದೆ ಕೇಳಿದರು: "ಹಾರೂಗೇರಿ ಎಮ್ಮಿ ಸಂತಿ ಯಾವ ವಾರಪಾ?"