ಮಾವನ ಲಾರಿ ದಬ್ಬಿದವರು

ನಮ್ಮ ಸೋದರಮಾವನ ಲಾರಿಯಲ್ಲಿ ಉರಿಯದ ದೀಪ ಒಂದೂ ಇಲ್ಲ. ಆದರೆ ಯಾವುದನ್ನು ಒತ್ತಿದರೆ ಯಾವುದು ಉರಿಯುತ್ತದೆ ಎನ್ನುವುದು ಮಾತ್ರ ದೇವರಿಗೂ ಗೊತ್ತಿಲ್ಲ. ಬ್ರೇಕ್ ತುಳಿದರೆ ಬಲಗಡೆಯ ಇಂಡಿಕೇಟರ್ ಮಿಣುಕುತ್ತದೆ. ಎಡಗಡೆಯ ಇಂಡಿಕೇಟರ್ ಹಾಕಿದರೆ ಕ್ಯಾಬಿನ್ನಿನಲ್ಲಿ ತಿಮ್ಮಪ್ಪನ ಫೋಟೋದ ಬಲ್ಬು ಕಣ್ಣು ಹೊಡೆಯುತ್ತದೆ. ಇಂಥ ಮಾವನನ್ನು ಇಟ್ಟುಕೊಂಡು ಹೊಸಪೇಟೆಯಲ್ಲಿ ತಲೆ ಎತ್ತಿ ತಿರುಗಾಡುವುದು ಹೇಗೆ, ನೀವೇ ಹೇಳಿ?

ಒಮ್ಮೆ ಬಸ್ ಸ್ಟ್ಯಾಂಡಿನ ಎದುರು ಮಾವ ಬ್ರೇಕ್ ಹಾಕಿದರು. ಹಿಂದಿದ್ದ ಆಟೋದವನು, ಲಾರಿ ಬಲಕ್ಕೆ ತಿರುಗುತ್ತದೆಂದು ನಂಬಿ, ಎಡಕ್ಕೆ ನುಗ್ಗಿ ಬಾಳೆಹಣ್ಣಿನ ಗಾಡಿಗೆ ಮುತ್ತಿಕ್ಕಿದ. ಇಳಿದು ಬಂದು ಬಾಯಿಗೆ ಬಂದಂತೆ ಬೈದ. ಮಾವ ಕಿಟಕಿಯಿಂದ ತಲೆ ಹೊರಗೆ ಹಾಕಿ ಶಾಂತವಾಗಿ ಹೇಳಿದರು:

"ತಮ್ಮಾ, ಗಾಡಿ ಏನ್ ಹೇಳ್ತೈತಿ ಅದನ್ನ ಕೇಳಬ್ಯಾಡ. ನಾ ಕೈ ತೋರಿಸ್ತೀನಲ್ಲ, ಅದನ್ನ ನೋಡು."

ಪಕ್ಕದ ಸೀಟಿನಲ್ಲಿದ್ದ ನಾನು ಚಪ್ಪಲಿ ಹುಡುಕುವವನಂತೆ ಬಗ್ಗಿ ಕೂತೆ. ಬಹಳ ಹೊತ್ತು ಹುಡುಕಿದೆ.

ಸಂಡೂರಿನ ಅದಿರು ಹೊತ್ತು ಹೊತ್ತು ಮುಪ್ಪಾದ ಲಾರಿ ಅದು. ಈಗ ಕಂಪ್ಲಿಯ ರೈಸ್ ಮಿಲ್ಲುಗಳಿಂದ ಭತ್ತದ ಹೊಟ್ಟು ಹೊರುತ್ತದೆ. ಬ್ಯಾಟರಿ ಸರಿಯಾಗಿ ಚಾರ್ಜ್ ಆಗುವುದಿಲ್ಲವಾದ್ದರಿಂದ ಮಾವ ಕರೆಂಟನ್ನು ರೇಷನ್ ಮಾಡಿದ್ದಾರೆ. ಹೆಡ್‌ಲೈಟ್ ಹಾಕಿದರೆ ಹಾರ್ನ್ ಇಲ್ಲ, ಹಾರ್ನ್ ಹೊಡೆದರೆ ಹೆಡ್‌ಲೈಟ್ ಇಲ್ಲ. "ದರೋಜಿ ಹತ್ರ ಮುಸ್ಸಂಜ್ಯಾಗ ಕರಡಿ ಅಡ್ಡ ಬಂದ್ರ ಏನ್ ಮಾಡ್ತೀರಿ ಮಾವ?" ಅಂತ ಕೇಳಿದ್ದೆ. "ಹಾರ್ನ್ ಹೊಡೀತೀನಿ. ಲೈಟ್ ಹೋಗ್ತೈತಿ. ಕರಡಿ ಕಾಣ್ಸಲಿಲ್ಲ ಅಂದ್ರ ಹೆದರಿಕಿ ಎಲ್ಲಿಂದ ಬರ್ತೈತಿ?" ಅಂದರು.

ಆದರೆ ನನ್ನ ಮಾನ ಪೂರ್ತಿ ಹೋದದ್ದು ನನ್ನ ನಿಶ್ಚಿತಾರ್ಥದ ದಿನ. ಕಂಪ್ಲಿಯ ಹೆಣ್ಣಿನ ಮನೆಗೆ ಹಣ್ಣುಕಾಯಿಯ ಬುಟ್ಟಿಗಳನ್ನು ಮಾವ ತಮ್ಮ ಲಾರಿಯಲ್ಲೇ ತಂದರು. ಬ್ಯಾಡ ಅಂದರೆ ಕೇಳುವ ಜೀವವೇ ಅದು? ಶಾಸ್ತ್ರವೆಲ್ಲ ಸುಸೂತ್ರವಾಗಿ ಮುಗಿಯಿತು. ಹೊರಡುವಾಗ ಕೀಲಿ ತಿರುವಿದರೆ ಇಂಜಿನ್ನಿನೊಳಗಿಂದ 'ಕಟ್' ಅಂತ ಒಂದೇ ಸದ್ದು. ಮಾವ ಕೆಳಗಿಳಿದು, ಬೀಗರ ಮುಂದೆ ಕೈ ಜೋಡಿಸಿ, "ಒಂದೀಟು ದಬ್ರಿ" ಅಂದರು. ಹೆಣ್ಣಿನ ತಂದೆ ಹೈಸ್ಕೂಲಿನ ಹೆಡ್‌ಮಾಸ್ತರು. ಜರಿ ಪಂಚೆ ಮೇಲಕ್ಕೆ ಕಟ್ಟಿ ದಬ್ಬಿದರು. ಇಂಜಿನ್ ಹತ್ತಿದ್ದೇ ತಡ, ಹೊಗೆಯೆಲ್ಲ ಅವರ ಬಿಳಿ ಶಲ್ಯದ ಮೇಲೆ. ನನ್ನ ಹೆಂಡತಿ ಇವತ್ತಿಗೂ ಹೇಳುತ್ತಾಳೆ: "ನಿಮ್ಮ ಕಡೇರು ವರದಕ್ಷಿಣಿ ಏನೂ ಕೇಳಲಿಲ್ಲ. ದಬ್ರಿ ಅಂದ್ರು ಅಷ್ಟ."

ಹಾಗಂತ ಮಾವ ರಿಪೇರಿ ಮಾಡಿಸಲಿಲ್ಲವೇ? ಬೇಕಾದಷ್ಟು ಮಾಡಿಸಿದರು. ಬ್ಯಾಟರಿ ಬದಲಾಯಿತು. ಡೈನಮೋ ಬದಲಾಯಿತು. ಬಲ್ಬುಗಳು ಬದಲಾದವು. ತಪ್ಪಿಲ್ಲದ ಒಂದೊಂದು ಸಾಮಾನೂ ಕೆಲಸ ಕಳೆದುಕೊಂಡು ಮನೆಗೆ ಹೋಯಿತು, ತಪ್ಪು ಮಾತ್ರ ಅಲ್ಲೇ ಉಳಿಯಿತು. ಯಾವ ಎಲೆಕ್ಟ್ರಿಷಿಯನ್ನಿಗೂ ಮಾವ ಬ್ಯಾಟರಿ ಪೆಟ್ಟಿಗೆಯ ಹಿಂದೆ ಕೈ ಹಾಕಲು ಬಿಡುತ್ತಿರಲಿಲ್ಲ. "ಆ ಕಡೆ ಎಲ್ಲಾ ಬರೋಬರಿ ಐತಿ" ಅನ್ನುತ್ತಿದ್ದರು.

ಇಲ್ಲಿ ನಮ್ಮ ಅತ್ತೆಯ, ಅಂದರೆ ಈ ಮಾವನ ಹೆಂಡತಿಯ ಬಗ್ಗೆ ಹೇಳಲೇಬೇಕು. ಅತ್ತೆಯ ಕೈಗುಣ ನಮ್ಮ ಓಣಿಯಲ್ಲಿ ಪ್ರಸಿದ್ಧ. ಯಾರ ಮನೆಗೆ ಹೊಸ ಬೈಕ್ ಬರಲಿ, ಟ್ರ್ಯಾಕ್ಟರ್ ಬರಲಿ, ಮಿಕ್ಸಿಯೇ ಬರಲಿ, ಮೊದಲ ಕುಂಕುಮ ಅತ್ತೆಯದ್ದು. ಮಕ್ಕಳಿಲ್ಲದ ಹೆಂಗಸನ್ನು ಶುಭಕಾರ್ಯದಲ್ಲಿ ಹಿಂದೆ ನಿಲ್ಲಿಸುವ ಓಣಿ, ಈ ಒಂದು ಕೆಲಸಕ್ಕೆ ಮಾತ್ರ ಅವರನ್ನು ಕೈ ಹಿಡಿದು ಮುಂದಕ್ಕೆ ಕರೆಯುತ್ತಿತ್ತು.

ಈ ವರ್ಷ ಲಾರಿಯ ಫಿಟ್‌ನೆಸ್ ಸರ್ಟಿಫಿಕೇಟು, ಅಂದರೆ ಎಫ್‌ಸಿ ಮಾಡಿಸಬೇಕಿತ್ತು. ದೀಪ ಸರಿ ಇಲ್ಲದಿದ್ದರೆ ಪಾಸಾಗುವುದಿಲ್ಲ. ನಾಚಿಕೆ ಪಟ್ಟು ಪಟ್ಟು ಸಾಕಾಗಿದ್ದ ನಾನು ಒಂದು ಭಾನುವಾರ, ಮಾವ ಚಹಾ ಕುಡಿಯುತ್ತಿದ್ದಾಗ, ಟೆಸ್ಟ್ ಲ್ಯಾಂಪ್ ಹಿಡಿದು ಲಾರಿಯ ಕೆಳಗೆ ನುಸುಳಿದೆ. ಟೆಸ್ಟ್ ಲ್ಯಾಂಪ್ ಅಂದರೆ ಮತ್ತೇನಲ್ಲ, ಎರಡು ವೈರು ಕಟ್ಟಿದ ಒಂದು ಬಲ್ಬು. ಒಂದು ವೈರನ್ನು ಬ್ಯಾಟರಿಯ ಪ್ಲಸ್ಸಿಗೆ, ಇನ್ನೊಂದನ್ನು ಮೈನಸ್ಸಿಗೆ ಹಿಡಿದೆ. ಬಲ್ಬು ಝಗ್ಗನೆ ಉರಿಯಿತು. ಮೈನಸ್ಸಿನ ಬದಲು ಚಾಸಿಗೆ, ಅಂದರೆ ಲಾರಿಯ ಕಬ್ಬಿಣದ ಚೌಕಟ್ಟಿಗೆ ಹಿಡಿದೆ. ಸಾಯುವ ಬೆಳಕು. ದೀಪಕ್ಕೆ ಹೋದ ಕರೆಂಟು ಚಾಸಿಯ ಕಬ್ಬಿಣ ಹಿಡಿದು ಬ್ಯಾಟರಿಗೆ ವಾಪಸು ಬರಬೇಕಲ್ಲ? ಬರುವ ಬಾಗಿಲಲ್ಲೇ ಅಡ್ಡಿ. ಆ ಬಾಗಿಲು, ಅಂದರೆ ಅರ್ತ್ ವೈರಿನ ಬೋಲ್ಟು, ಬ್ಯಾಟರಿ ಪೆಟ್ಟಿಗೆಯ ಹಿಂದಿತ್ತು. ಬಿಚ್ಚಿ ನೋಡಿದೆ. ವೈರಿಗೂ ಕಬ್ಬಿಣಕ್ಕೂ ನಡುವೆ ಗಟ್ಟಿಯಾದ ಕೆಂಪು ಪದರ. ಅದಿರಿನ ಧೂಳೇ? ಉಗುರಿನಿಂದ ಕೆರೆದೆ. ಎಣ್ಣೆ, ಅರಿಶಿಣ, ಕುಂಕುಮ. ಪ್ರತಿ ಆಯುಧಪೂಜೆಗೆ ಬ್ಯಾಟರಿ ಇಳಿಸಿ ತೊಳೆದಾಗ, ಅದರ ಪೀಠಕ್ಕೆಂದು ಅತ್ತೆ ಭಕ್ತಿಯಿಂದ ಬಳಿದದ್ದು. ಅದರ ಮೇಲೆ ಮಾವ ಬೋಲ್ಟು ಬಿಗಿದದ್ದು.

"ಮಾವ, ಸಿಕ್ತು ನೋಡ್ರಿ! ಅತ್ತಿ ಕುಂ..."

ಮಾವ ಚಹಾದ ಕಪ್ಪು ಬಿಟ್ಟು ಓಡಿ ಬಂದು ಲಾರಿಯ ಕೆಳಗೆ ತೂರಿ ನನ್ನ ಬಾಯಿ ಒತ್ತಿ ಹಿಡಿದರು. ಅಷ್ಟರಲ್ಲಿ ಅತ್ತೆ ಹೊರಗೆ ಬಂದರು.

"ಏನ್ ಸಿಕ್ತಪಾ?"

"ನಂದೇ ತಪ್ಪು" ಅಂದರು ಮಾವ, ಕೆಳಗಿನಿಂದಲೇ. "ವೈರ್ ಉಲ್ಟಾ ಹಾಕಿದ್ದೆ."

"ಇಷ್ಟು ವರ್ಷ ಊರ ಮುಂದ ಮಾನ ಕಳದ್ರಲ್ರಿ. ನಾ ವರ್ಷಾ ಪೂಜಿ ಮಾಡಿದ್ದಕ್ಕ ಈ ಗಾಡಿ ಉಳದೈತಿ."

"ಹೌದವಾ. ಅದಕ್ಕ ಉಳದೈತಿ."

ಅತ್ತೆ ಒಳಗೆ ಹೋದರು. ಮಾವನ ಕೈ ಇನ್ನೂ ನನ್ನ ಬಾಯಿಯ ಮೇಲೇ ಇತ್ತು.

"ನಿಮಗ ಮೊದಲೇ ಗೊತ್ತಿತ್ತಾ?" ಅಂದೆ, ಬಿಡಿಸಿಕೊಂಡು.

"ಗೊತ್ತಿಲ್ದ ಏನೋ? ಅಕೀ ಕೈಯಿಂದ ಗಾಡಿ ಕೆಡ್ತು ಅಂತ ಓಣ್ಯಾಗ ಗೊತ್ತಾದ್ರ, ಯಾರ್ ಕರೀತಾರೋ ಅಕೀನ್ನ? ನನಗ ನಗಲಿ ಬಿಡು. ನನಗ ರೂಢಿ ಆಗೇತಿ."

ಬಾಳೆಹಣ್ಣಿನ ಗಾಡಿ, ಬೀಗರ ಶಲ್ಯ ಎಲ್ಲ ಒಮ್ಮೆಗೇ ಕಣ್ಣ ಮುಂದೆ ಬಂದವು. ಚಪ್ಪಲಿ ಹುಡುಕಿದ ನಾನೂ ಬಂದೆ. ಆ ಬೋಲ್ಟನ್ನು ಕುಂಕುಮದ ಸಮೇತ ಹಾಗೆಯೇ ಬಿಗಿದು, ಬ್ಯಾಟರಿಯಿಂದ ಲಾರಿಯ ಇನ್ನೊಂದು ಮಗ್ಗುಲಿನ ಕಬ್ಬಿಣಕ್ಕೆ ಹೊಸ ಅರ್ತ್ ವೈರು ಎಳೆದೆವು. ಎಲ್ಲ ದೀಪಗಳೂ ಹೇಳಿದ ಮಾತು ಕೇಳಿದವು. ಎಫ್‌ಸಿಯೂ ಆಯಿತು.

ಮೊನ್ನೆ ಆಯುಧಪೂಜೆ. ಲಾರಿಗೆ ಚೆಂಡುಹೂವಿನ ಮಾಲೆ ಬಿತ್ತು, ಟಯರಿನ ಕೆಳಗೆ ನಿಂಬೆಹಣ್ಣು ಕೂತಿತು. ಅರಿಶಿಣ ಕುಂಕುಮದ ತಟ್ಟೆ ಹಿಡಿದು ಲಾರಿಯನ್ನು ಸುತ್ತು ಹಾಕಿದ ಅತ್ತೆ, ಹೊಸ ವೈರಿನ ಮುಂದೆ ನಿಂತುಬಿಟ್ಟರು.

"ಅಯ್ಯ, ಇದು ಹೊಸಾದ ಬಂದೈತಲ್ಲ. ಬರಿ ಹಣಿಲೇ ಬಿಟ್ಟೀರಿ! ಬಿಚ್ಚಪಾ ಇದನ್ನ, ಬುಡಕ್ಕ ಹಚ್ತೀನಿ."

ನನ್ನ ಕೈಯಲ್ಲಿ ಬೋಲ್ಟು ಬಿಚ್ಚುವ ಪಾನಾ ಇತ್ತು. ಮಾವನ ಮುಖ ನೋಡಿದೆ. ಅವರು ನಿಂಬೆಹಣ್ಣು ನೋಡುತ್ತಿದ್ದರು. ಬಿಚ್ಚಿದೆ. ಅತ್ತೆ ಎಣ್ಣೆ ಅದ್ದಿದ ಹೆಬ್ಬೆರಳಿನಿಂದ, ಮಗುವಿನ ಹಣೆಗೆ ಹಚ್ಚುವಂತೆ, ತುಂಬ ಹೊತ್ತು ಹಚ್ಚಿದರು. ಮತ್ತೆ ಬಿಗಿದೆ.

ಓಣಿಯವರೆಲ್ಲ ಹೊಸ ಬಟ್ಟೆಯಲ್ಲಿ ನಿಂತು ನೋಡುತ್ತಿದ್ದರು. ಮಾವ ಹತ್ತಿ ಕೂತು ಕೀಲಿ ತಿರುವಿದರು.

'ಕಟ್.'

"ಇವರ ವೈರಿಂಗಿಗೆ ಬೆಂಕಿ ಹಾಕ" ಅಂದರು ಅತ್ತೆ. ಓಣಿ ನಕ್ಕಿತು. ನಾನು ಹೊಸ ಅಂಗಿಯ ತೋಳು ಮಡಚಿ, ಮಾವ ಕೆಳಗಿಳಿದು ಕೈ ಜೋಡಿಸುವ ಮೊದಲೇ, ಲಾರಿಯ ಹಿಂದೆ ಹೋಗಿ ನಿಂತೆ.