ಚಿತ್ರಕ್ಕೆ ವಿಭೂತಿ ಹಚ್ಚಿದ ಪ್ರಸಂಗ

ನಮ್ಮ ಮನೆಯಲ್ಲಿ ಕಲಾವಿದೆ ಎಂದರೆ ಒಬ್ಬಳೇ, ನನ್ನ ಹೆಂಡತಿ ಶಾಂತಾ. ಕಲಾವಿದೆಗೆ ಒಬ್ಬ ವ್ಯವಸ್ಥಾಪಕ ಬೇಕೇ ಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಆ ಹುದ್ದೆಗೆ ಅರ್ಜಿ ಕರೆದವನು ನಾನೇ, ಅರ್ಜಿ ಹಾಕಿದವನು ನಾನೇ, ಸಂದರ್ಶನ ನಡೆಸಿ ಆಯ್ಕೆ ಮಾಡಿದವನೂ ನಾನೇ. ಈ ನೇಮಕಾತಿಯ ವಿಷಯ ಶಾಂತಾಳಿಗೆ ಮಾತ್ರ ತಿಳಿದಿರಲಿಲ್ಲ!

ನನಗೆ ಅರ್ಹತೆ ಇರಲಿಲ್ಲ ಎಂದು ಯಾರೂ ತಿಳಿಯಬಾರದು. ನಾನು ಬಸ್ ಡಿಪೋದ ಸ್ಟೋರ್‌ನಲ್ಲಿ ನೌಕರಿ ಮಾಡಿ ನಿವೃತ್ತನಾದವನು. ಟೈರು, ಗಾಜು, ಬ್ರೇಕಿನ ಸಾಮಾನು ಎಲ್ಲವನ್ನೂ ಜೋಪಾನವಾಗಿ ಇಳಿಸಿ, ಜೋಪಾನವಾಗಿ ಕಳಿಸಿದ ಕೈ ನನ್ನದು. ಬಸ್ಸಿನ ಮುಂದಿನ ಗಾಜನ್ನೇ ಬಿರುಕು ಬಿಡದಂತೆ ಸಾಗಿಸಿದವನಿಗೆ ಒಂದು ಚಿತ್ರ ಸಾಗಿಸುವುದು ಯಾವ ಲೆಕ್ಕ?

ಶಾಂತಾ ಧಾರವಾಡದ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಟೀಚರ್ ಆಗಿದ್ದಳು. ಕೆಲಸ ಇದ್ದಷ್ಟು ದಿನವೂ ಅವಳು ಬರೆದದ್ದೆಲ್ಲ ಬೇರೆಯವರಿಗಾಗಿ. ಶಾಲೆಯ ವಾರ್ಷಿಕ ಗ್ಯಾದರಿಂಗಿಗೆ ಹಿಂಬದಿಯ ಪರದೆ, ವಿಜ್ಞಾನದ ಮಾಸ್ತರರಿಗೆ ಹೃದಯದ ನಕ್ಷೆ, ಓಣಿಯ ಮದುವೆಗಳಿಗೆ ಮಂಟಪದ ಮುಂದಿನ ರಂಗೋಲಿ. ಯಾವುದರ ಕೆಳಗೂ ಅವಳ ಹೆಸರಿರಲಿಲ್ಲ. ಅವಳ ಶಿಷ್ಯರು ಪ್ರದರ್ಶನ ಮಾಡಿ ಪೇಪರಿನಲ್ಲಿ ಫೋಟೋ ಹಾಕಿಸಿಕೊಂಡಾಗ ಮಾತ್ರ ಅದನ್ನು ಕತ್ತರಿಸಿ ಇಟ್ಟುಕೊಂಡು ಖುಷಿಪಡುತ್ತಿದ್ದಳು.

ನಿವೃತ್ತಿಯಾದ ಮೇಲೆ ಒಂದು ದಿನ ಬೈರಿದೇವರಕೊಪ್ಪದ ನಮ್ಮ ಮನೆಯ ಮುಂದಿನ ಖೋಲಿಯಲ್ಲಿ ಧಡಧಡ ಸಪ್ಪಳ ಕೇಳಿಸಿತು. ಹೋಗಿ ನೋಡಿದರೆ, ನಾನು ಮುಂದೆಂದಾದರೂ ಬೇಕಾಗಬಹುದೆಂದು ಕೂಡಿಟ್ಟಿದ್ದ ಸ್ಕೂಟರಿನ ಬಿಡಿಭಾಗಗಳನ್ನು ಅವಳು ಗುಜರಿಯವನಿಗೆ ಎತ್ತಿಕೊಡುತ್ತಿದ್ದಳು.

"ಏ ಶಾಂತಾ, ಅವು ಬೇಕಾಗ್ತಾವ!" ಎಂದೆ.

"ಸ್ಕೂಟರ್ ಮಾರಿ ಎಷ್ಟ್ ವರ್ಷ ಆತ್ರಿ?" ಎಂದಳು.

ಹೀಗೆ ನಮ್ಮ ಮನೆಯಲ್ಲಿ ಸ್ಟುಡಿಯೋ ಆರಂಭವಾಯಿತು. ಕಿಟಕಿಯ ಪಕ್ಕ ಒಂದು ಸ್ಟ್ಯಾಂಡು, ಒಂದು ಸ್ಟೂಲು, ಗೋಡೆಯುದ್ದಕ್ಕೂ ಬಣ್ಣ. ಬೆಳಗಾಗುವ ಮೊದಲೇ ಎದ್ದು ಅಮರಗೋಳದ ಮಾರ್ಕೆಟ್ ಯಾರ್ಡಿಗೆ ಹೋಗಿ, ಒಣಮೆಣಸಿನಕಾಯಿಯ ರಾಶಿಗಳ ನಡುವೆ ಚೀಲದ ಮೇಲೆ ಕುಳಿತು ಪೆನ್ಸಿಲಿನಲ್ಲಿ ಗೀಚಿಕೊಂಡು ಬರುತ್ತಿದ್ದಳು. ವ್ಯವಸ್ಥಾಪಕನೆಂಬ ಕರ್ತವ್ಯಪ್ರಜ್ಞೆಯಿಂದ ನಾನೂ ಒಮ್ಮೆ ಜೊತೆಗೆ ಹೋದೆ. ಮೆಣಸಿನಕಾಯಿಯ ಘಾಟಿಗೆ ನಾನು ಸೀನಿದ ಸೀನಿಗೆ ವ್ಯಾಪಾರ ನಿಂತುಹೋಗಿ, ಹಮಾಲರೇ ನೀರು ಕುಡಿಸಿ ನನ್ನನ್ನು ಆಟೋ ಹತ್ತಿಸಿ ಕಳಿಸಿದರು!

ಆದರೆ ಅವಳು ಬರೆದ ಚಿತ್ರ ನೋಡಿ ನಾನು ಬಾಯಿ ಮುಚ್ಚಿಕೊಂಡು ನಿಂತೆ. ಅದು ನನಗೆ ಅಷ್ಟು ಸುಲಭದ ಕೆಲಸವಲ್ಲ. ಬೆಳಗಿನ ಯಾರ್ಡು, ಬೆಟ್ಟದಷ್ಟು ಮೆಣಸಿನಕಾಯಿ, ಮುಖಕ್ಕೆ ಸೆರಗು ಸುತ್ತಿಕೊಂಡು ತೊಟ್ಟು ಬಿಡಿಸುವ ಹೆಣ್ಣುಮಕ್ಕಳು, ಬೆನ್ನ ಮೇಲೆ ಚೀಲ ಹೊತ್ತ ಹಮಾಲರು. ಜೀವಮಾನವಿಡೀ ಮೆಣಸಿನಕಾಯಿ ತಿಂದವನು ನಾನು. ಒಂದು ರಾಶಿಯೊಳಗೆ ಅಷ್ಟೊಂದು ಬಗೆಯ ಕೆಂಪು ಇರುತ್ತದೆ ಎಂದು ಗೊತ್ತಾದದ್ದು ಆ ದಿನವೇ. ಇಷ್ಟು ದಿನ ಇವಳ ಕೈಯಲ್ಲಿ ಇದೆಲ್ಲ ಇದ್ದೂ ನಾನು ಬರೀ ರೊಟ್ಟಿ ಬಡಿಸಿಕೊಂಡೆನಲ್ಲ ಎಂದು ಮನಸ್ಸು ಚುರ್ ಎಂದಿತು.

ಆ ಚಿತ್ರ ಧಾರವಾಡದಲ್ಲಿ ನಡೆಯುವ ಸ್ಥಳೀಯ ಕಲಾವಿದರ ಪ್ರದರ್ಶನಕ್ಕೆ ಆಯ್ಕೆಯಾಯಿತು. ಬಾಗಿಲಿಗೆ ಎದುರಾಗುವ ಗೋಡೆಯೇ ಅವಳ ಪಾಲಿಗೆ ಬಂದಿತ್ತು. ಪಕ್ಕದಲ್ಲಿ ಅವಳ ಹೆಸರಿನ ಚೀಟಿ. ಅವಳ ಹೆಸರು ಗೋಡೆಯ ಮೇಲೆ ಕಾಣುವುದು ಅದೇ ಮೊದಲು. ಆ ವಾರವಿಡೀ ಶಾಂತಾ ಸಾರಿಗೆ ಉಪ್ಪು ಹಾಕುವುದನ್ನು ಮರೆತಳು. ನಾನೂ ನೆನಪಿಸಲಿಲ್ಲ. ಇಂಥ ತ್ಯಾಗಗಳನ್ನು ಯಾರೂ ಗುರುತಿಸುವುದಿಲ್ಲ!

ಪ್ರದರ್ಶನದ ಹಿಂದಿನ ಸಂಜೆ ಅವಳಿಗೆ ಆಕಾಶ ಯಾಕೋ ಸಪ್ಪೆ ಎನಿಸಿ, ಮೇಲೆ ಮತ್ತೊಂದು ಕೈ ಬಣ್ಣ ಕೊಟ್ಟಳು. ಮರುದಿನ ಬೆಳಿಗ್ಗೆ ಗೋಡೆಯ ವ್ಯವಸ್ಥೆ ನೋಡಲು ಬಣ್ಣದ ಪೆಟ್ಟಿಗೆ ಎತ್ತಿಕೊಂಡು ಮೊದಲೇ ಹೊರಟು ನಿಂತಳು. ಚಿತ್ರವನ್ನು ತರುವ ಜವಾಬ್ದಾರಿ ನನ್ನದು.

"ನೋಡ್ರಿ, ಎರಡೂ ಬದಿಗೆ ಚೌಕಟ್ಟಿನ ಕಟ್ಟಿಗಿ ಹಿಡಕೊಂಡು ಆಟೋದಾಗ ತರ್ರಿ. ಮತ್ತೇನೂ ಮಾಡಬ್ಯಾಡ್ರಿ."

"ಬಸ್ಸಿನ ಗಾಜು ಸಾಗಿಸಿದಾಂವ ನಾನು," ಎಂದೆ.

"ಅದಕ್ಕಽ ಹೇಳಾಕತ್ತೇನಿ, ಮತ್ತೇನೂ ಮಾಡಬ್ಯಾಡ್ರಿ," ಎಂದು ಹೊರಟಳು.

ನಾನು ಮತ್ತೇನೂ ಮಾಡುತ್ತಿರಲಿಲ್ಲ. ಆದರೆ ಸಂಸ್ಕಾರ ಬಿಡಬೇಕಲ್ಲ! ಡಿಪೋಕ್ಕೆ ಹೊಸ ಬಸ್ಸು ಬಂದರೆ ಪೂಜೆ ಮಾಡದೆ ಗೇಟು ದಾಟಿಸಿದ್ದಿಲ್ಲ. ಎಂಜಿನ್ನಿಗೆ ವಿಭೂತಿ, ಗಾಜಿಗೆ ಕುಂಕುಮ, ಮೂತಿಗೆ ಚೆಂಡುಹೂವಿನ ಮಾಲೆ. ನಮ್ಮ ಮನೆಯಲ್ಲಂತೂ ಫ್ರಿಜ್ಜು, ಮಿಕ್ಸರು, ವಾಷಿಂಗ್ ಮಷೀನು ಎಲ್ಲವೂ ಮೂರು ಬೆರಳಿನ ವಿಭೂತಿ ಧರಿಸಿಯೇ ಸೇವೆಗೆ ಸೇರಿದವು. ಹಾಗಿರುವಾಗ ಶಾಂತಾಳ ಮೊದಲ ಚಿತ್ರ ಬರಿಹಣೆಯಲ್ಲಿ ಮನೆ ಬಿಟ್ಟು ಹೋಗುವುದೇ? ಸ್ನಾನ ಮಾಡಿದೆ. ಮಡಿ ಪಂಚೆ ಉಟ್ಟೆ. ಊದುಬತ್ತಿ ಹಚ್ಚಿದೆ. ನೀರು ಮುಟ್ಟಿಸಿದ ಮೂರು ಬೆರಳುಗಳಿಗೆ ವಿಭೂತಿ ಗಟ್ಟಿಯನ್ನು ಚೆನ್ನಾಗಿ ತೇಯ್ದುಕೊಂಡು, ಭಕ್ತಿಯಿಂದ ಕಣ್ಣು ಮುಚ್ಚಿ, ಆಕಾಶದ ಎಡದಿಂದ ಬಲಕ್ಕೆ ಎಳೆದೆ. ನಡುವೆ ಒಂದು ದಪ್ಪ ಕುಂಕುಮದ ಬೊಟ್ಟಿಟ್ಟೆ.

ಕಣ್ಣು ತೆರೆದೆ. ಬೆರಳು ಜಿಗಿಜಿಗಿ ಎನ್ನುತ್ತಿತ್ತು. ನೋಡಿದರೆ ಅರ್ಧ ಆಕಾಶ ನನ್ನ ಕೈಯಲ್ಲಿತ್ತು!

ಎಣ್ಣೆ ಬಣ್ಣ ಒಂದು ರಾತ್ರಿಯಲ್ಲಿ ಒಣಗುವುದಿಲ್ಲ ಎಂಬ ಮಹತ್ವದ ಮಾಹಿತಿ ವ್ಯವಸ್ಥಾಪಕರ ಬಳಿ ಇರಲಿಲ್ಲ.

ತಕ್ಷಣ ಹಸಿ ಬಟ್ಟೆಯಿಂದ ಒರೆಸಿದೆ. ಮೂರು ಪಟ್ಟೆಗಳು ಕೂಡಿಕೊಂಡು ಒಂದೇ ಬೂದಿ ಬಣ್ಣದ ಮೋಡವಾದವು. ಕುಂಕುಮ ಅದರೊಳಗೆ ಹರಡಿ, ಬೆಳಗಿನ ಆಕಾಶಕ್ಕೆ ಕಣ್ಣುಬೇನೆ ಬಂದಂತಾಯಿತು. ಅಷ್ಟರಲ್ಲಿ ಊದುಬತ್ತಿಯ ವಾಸನೆ ಹಿಡಿದು ಪ್ರಸಾದದ ಆಸೆಗೆ ಪಕ್ಕದ ಮನೆಯ ಬಸಣ್ಣ ಬಂದರು. ಹತ್ತಿ ದಲಾಲಿ ಮಾಡಿ ಮಗನಿಗೆ ಬಿಟ್ಟುಕೊಟ್ಟು, ಈಗ ಓಣಿಗೆಲ್ಲ ಸಲಹೆ ಕೊಡುತ್ತ ಇರುವವರು.

"ಸರ್ರ, ಇದು ಎಣ್ಣಿ ಬಣ್ಣ ಅಲ್ರಿ? ನೀರಿಗೆ ಹೆಂಗ ಹೋಗತೈತ್ರಿ? ಎಣ್ಣಿನಽ ಬೇಕು," ಎಂದರು ಬಸಣ್ಣ.

ಮಾತು ಶಾಸ್ತ್ರೀಯವಾಗಿ ಕೇಳಿಸಿತು. ಅಡುಗೆಮನೆಗೆ ಓಡಿದೆ. ಎಣ್ಣೆ ಡಬ್ಬಿಯ ಮುಚ್ಚಳ ಬಿಗಿಯಾಗಿತ್ತು, ತೆರೆಯಲಿಲ್ಲ. ಹಿಂದಿನ ದಿನ ಮಿರ್ಚಿ ಭಜಿ ಕರಿದ ಕುಸುಬಿ ಎಣ್ಣೆ ಬಾಣಲೆಯಲ್ಲೇ ಇತ್ತು. ಅದನ್ನೇ ಹತ್ತಿಯಲ್ಲಿ ಅದ್ದಿ ತಿಕ್ಕಿದೆ. ಆಕಾಶ ಕರಗಿತು. ಕರಗಿ ಕೆಳಗಿಳಿಯಿತು! ಹಮಾಲನೊಬ್ಬನ ತಲೆಯ ಮೇಲಿಂದ ಹಾದು ಬಲಗಡೆಯ ಮೂಲೆಗೆ ಬಂದು ನಿಂತಿತು. ಅಲ್ಲಿ ಅದನ್ನು ತಡೆಯಲು ಪಾತ್ರೆ ತಿಕ್ಕುವ ಸ್ಟೀಲಿನ ನಾರು ಹಿಡಿದು ಎರಡು ಸಲ ಉಜ್ಜಿದೆ. ಬಣ್ಣವೆಲ್ಲ ಹೋಗಿ ಅಡಿಯ ಬಿಳಿಯ ಕ್ಯಾನ್ವಾಸ್ ಬಟ್ಟೆ ಹಲ್ಲು ಕಿಸಿಯಿತು. ಮೇಲೆ ಆಕಾಶದಲ್ಲಿ ಭಜಿಯ ಕರಕಲು ಚೂರುಗಳು ಅಲ್ಲಲ್ಲಿ ಅಂಟಿಕೊಂಡಿದ್ದವು.

ಬಸಣ್ಣ ದೂರ ನಿಂತು, ಕಣ್ಣು ಕಿರಿದು ಮಾಡಿ ನೋಡಿದರು. "ಹಕ್ಕಿ ಹಾರಿಧಂಗ ಕಾಣತಾವ ಬಿಡ್ರಿ," ಎಂದರು. ಮರುಕ್ಷಣವೇ ಅವರಿಗೆ ಬ್ಯಾಂಕಿನ ಕೆಲಸ ನೆನಪಾಯಿತು. ಅಂದು ಭಾನುವಾರ!

ಈ ಅವಸ್ಥೆಯಲ್ಲಿ ಚಿತ್ರವನ್ನು ತೆರೆದಿಟ್ಟು ಒಯ್ಯಲು ಮನಸ್ಸಾಗಲಿಲ್ಲ. ಮಾನ ಮುಚ್ಚಬೇಕಲ್ಲ, ಅದರದಲ್ಲ, ನನ್ನದು. ಹಳೆಯ ಪೇಪರುಗಳಲ್ಲಿ ಬಿಗಿಯಾಗಿ ಸುತ್ತಿ, ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಧಾರವಾಡದ ದಾರಿ ಹಿಡಿದೆ. ದಾರಿಯುದ್ದಕ್ಕೂ ಸುಳ್ಳುಗಳನ್ನು ಪರೀಕ್ಷಿಸಿದೆ. ಮಂಗ ಬಂದಿತ್ತು ಎನ್ನಲೇ? ಮಂಗ ವಿಭೂತಿ ಹಚ್ಚುವುದಿಲ್ಲ. ಬಸಣ್ಣ ಮಾಡಿದರು ಎನ್ನಲೇ? ಶಾಂತಾ ನಂಬುತ್ತಿದ್ದಳು, ಆದರೆ ನನ್ನ ಹತ್ತೂ ಬೆರಳುಗಳಿಗೆ ಬಣ್ಣವಿತ್ತು.

ಸಭಾಂಗಣದಲ್ಲಿ ಎಲ್ಲರ ಚಿತ್ರಗಳೂ ಗೋಡೆ ಏರಿದ್ದವು. ಬಾಗಿಲ ಎದುರಿನ ಗೋಡೆ ಮಾತ್ರ ಖಾಲಿ. ಪಕ್ಕದಲ್ಲಿ ಶಾಂತಾಳ ಹೆಸರಿನ ಚೀಟಿ ಒಂಟಿಯಾಗಿ ಕಾಯುತ್ತಿತ್ತು. ಪ್ರದರ್ಶನದ ಉಸ್ತುವಾರಿ ಹೊತ್ತ ಪಾಟೀಲ ಅವಳ ಹಳೆಯ ಶಿಷ್ಯ. ಓಡಿಬಂದು ನನ್ನ ಕೈಯಿಂದ ಚಿತ್ರ ತೆಗೆದುಕೊಂಡು, "ಬರ್ರಿ ಬರ್ರಿ, ನಿಮ್ಮ ದಾರಿನಽ ನೋಡಾಕತ್ತಿದ್ವಿ," ಎಂದು ಪೇಪರು ಬಿಚ್ಚತೊಡಗಿದ. ಪೇಪರು ಬರಲಿಲ್ಲ. ಎಳೆದ. ಚರ್ ಎಂದು ಹರಿದು ಬಂತು. ಸೀರೆ ಜಾಹೀರಾತಿನ ಅರ್ಧ ಭಾಗ ತಲೆಕೆಳಗಾಗಿ ಆಕಾಶದಲ್ಲೇ ಉಳಿಯಿತು!

ಪಾಟೀಲ ನನ್ನ ಮುಖ ನೋಡಿದ. ನಾನು ಫ್ಯಾನು ನೋಡಿದೆ.

ಶಾಂತಾ ಬಂದಳು. ನೋಡಿದಳು. ಅವಳು ಬೈದಿದ್ದರೆ ಬದುಕುತ್ತಿದ್ದೆ. ಹತ್ತಿರ ಬಂದು ಮೂಸಿ ನೋಡಿದಳು.

"ಏನ್ರಿ ಇದು ವಾಸನಿ?"

"ಮಿರ್ಚಿ ಭಜಿದು," ಎಂದೆ.

"ಯಾವ ಎಣ್ಣಿ?"

"ಕುಸುಬಿದು."

"ಕುಸುಬಿ ಎಣ್ಣಿ ಚಿತ್ರಕ್ಕ ಬಳಸತಾರ್ರಿ," ಎಂದಳು ನಿಧಾನವಾಗಿ, "ಭಜಿ ಕರದದ್ದಲ್ಲ."

ಉಳಿದದ್ದನ್ನೆಲ್ಲ ನಾನೇ ಒಪ್ಪಿಸಿದೆ. ವಿಭೂತಿ, ಕುಂಕುಮ, ಸ್ಟೀಲಿನ ನಾರು, ಒಂದನ್ನೂ ಬಿಡಲಿಲ್ಲ. ಪಾಟೀಲ ಅಳುಕುತ್ತ, "ಟೀಚರ್, ಸಂಜಿಕ ಉದ್ಘಾಟನಿ ಐತ್ರಿ. ಬಾಗಲಾ ತೆಗದಕೂಡ್ಲೆ ಕಾಣೂ ಗ್ವಾಡಿ ಇದು. ಖಾಲಿ ಬಿಡಾಕ ಬರೂದಿಲ್ಲ. ಬ್ಯಾರೇದವರ ಚಿತ್ರಾ ಹಾಕೂಣೇನ್ರಿ?" ಎಂದ.

ಶಾಂತಾ ಆ ಗೋಡೆಯನ್ನು ನೋಡಿದಳು. ತನ್ನ ಹೆಸರಿನ ಚೀಟಿಯನ್ನು ನೋಡಿದಳು. ಅವಳ ಕಣ್ಣಲ್ಲಿ ನೀರು ಬಂದದ್ದು ನನಗೆ ಕಾಣಿಸಿತು. ಆ ಗಳಿಗೆಯಲ್ಲಿ ನೆಲ ಬಿರಿದು ನುಂಗಿದ್ದರೆ ನಾನು ನೆಲಕ್ಕೆ ಧನ್ಯವಾದ ಹೇಳುತ್ತಿದ್ದೆ.

"ಹಾಕಬ್ಯಾಡಪ್ಪಾ. ಗ್ವಾಡಿ ಹಂಗಽ ಇರಲಿ. ಒಂದ್ ಕುರ್ಚಿ ತೊಗೊಂಡ್ ಬಾ," ಎಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಣ್ಣದ ಪೆಟ್ಟಿಗೆ ತೆರೆದಳು.

ಮುಂದೆ ನಾನು ಕಂಡದ್ದನ್ನು ಹೇಳಲು ನನಗೆ ಸರಿಯಾಗಿ ಬರುವುದಿಲ್ಲ. ಚಪ್ಪಟೆ ಚಾಕುವಿನಿಂದ ಆಕಾಶವನ್ನು ಹಪ್ಪಳದ ಹಿಟ್ಟು ಕೆರೆದಂತೆ ಕೆರೆದು ತೆಗೆದಳು. ಟರ್ಪೆಂಟೈನ್ ಅದ್ದಿದ ಬಟ್ಟೆಯಿಂದ ಒರೆಸಿದಳು. ಕೆಳಗೆ ತಿಂಗಳುಗಳ ಹಿಂದೆ ಬರೆದ ಬಣ್ಣ ಗಟ್ಟಿಯಾಗಿ ಒಣಗಿ ಕುಳಿತಿತ್ತು, ನನ್ನಂಥವರು ಬರಬಹುದೆಂದು ಮೊದಲೇ ಗೊತ್ತಿದ್ದಂತೆ. ಅದರ ಮೇಲೆ ತೆಳ್ಳಗೆ, ಅವಸರವಿಲ್ಲದೆ, ಹೊಸ ಬೆಳಗು ಹಾಕತೊಡಗಿದಳು. ಒಬ್ಬೊಬ್ಬರಾಗಿ ಜನ ಸೇರಿದರು. ಬೇರೆ ಕಲಾವಿದರು ತಮ್ಮ ಚಿತ್ರ ಬಿಟ್ಟು ಇಲ್ಲಿ ಬಂದು ನಿಂತರು. ಮುಖ್ಯ ಅತಿಥಿಗಳು ಬಂದರು, ದೀಪ ಹಚ್ಚುವುದನ್ನು ಮರೆತು ಅವರೂ ನಿಂತರು. ನಾನು ಒರೆಸುವ ಬಟ್ಟೆ ಹಿಡಿದುಕೊಂಡು ಪಕ್ಕದಲ್ಲಿದ್ದೆ. ಈಕೆ ನನ್ನ ಹೆಂಡತಿ ಎಂದು ಕೂಗಿ ಹೇಳಬೇಕು ಎನಿಸುತ್ತಿತ್ತು. ಆದರೆ ಆ ಮೇಲೆ, ಚಿತ್ರ ಕೆಡಿಸಿದವರು ಯಾರು ಎಂದು ಕೇಳುತ್ತಿದ್ದರು!

ಕೊನೆಗೆ ಉಳಿದದ್ದು ಬಲಗಡೆಯ ಮೂಲೆ. ಅಲ್ಲಿ ಬರಿ ಬಟ್ಟೆ. ಶಾಂತಾ ಕುಂಚ ಒರೆಸಿಕೊಂಡಳು. ತಿರುಗಿ ನನ್ನನ್ನೊಮ್ಮೆ ಮೇಲಿಂದ ಕೆಳಗೆ ನೋಡಿದಳು. "ಹಿಂದ ತಿರುಗಿ ನಿಂದರ್ರಿ," ಎಂದಳು. ನಿಂತೆ. ಶಿಕ್ಷೆ ಎಂದುಕೊಂಡೆ.

ಮತ್ತೆ ತಿರುಗಲು ಅಪ್ಪಣೆಯಾದಾಗ ಮೂಲೆ ತುಂಬಿತ್ತು. ಬಿಳಿಯ ಅಂಗಿ, ಬೆನ್ನ ಹಿಂದೆ ಕಟ್ಟಿದ ಎರಡೂ ಕೈ, ನಡುನೆತ್ತಿಯಲ್ಲಿ ಹೊಳೆಯುವ ಬೋಳು. ಯಾರ್ಡೆಲ್ಲ ಬೆವರು ಸುರಿಸುತ್ತಿರುವಾಗ ಒಬ್ಬ ಮನುಷ್ಯ ಸುಮ್ಮನೆ ನಿಂತು ಉಸ್ತುವಾರಿ ಮಾಡುತ್ತಿದ್ದ. ನನ್ನ ಬೋಳು ಅಷ್ಟು ವಿಸ್ತಾರವಾಗಿದೆ ಎಂದು ನನಗೆ ಆವರೆಗೆ ಯಾರೂ ತಿಳಿಸಿರಲಿಲ್ಲ!

ಚಿತ್ರ ಗೋಡೆ ಏರಿತು. ಶಾಂತಾಳ ಹೆಸರಿನ ಪಕ್ಕದಲ್ಲೇ ಕುಳಿತಿತು. ದೀಪ ಹಚ್ಚಿದರು, ಚಪ್ಪಾಳೆ ಬಿತ್ತು. ನಾನು ಎಲ್ಲರಿಗಿಂತ ಜೋರಾಗಿ ತಟ್ಟಿದೆ. ಮುಖ್ಯ ಅತಿಥಿಗಳು ಮೂಲೆಯನ್ನೇ ನೋಡುತ್ತ, "ಟೀಚರ್, ಎಲ್ಲಾರೂ ಕೆಲಸಾ ಮಾಡಾಕತ್ತಾರ, ಇಂವೊಬ್ಬ ಯಾಕ್ ಸುಮ್ಮನ ನಿಂತಾನ್ರಿ?" ಎಂದರು.

"ಅಂವ ಸುಮ್ಮನ ನಿಂತದ್ದಕ್ಕಽ ಕೆಲಸಾ ನಡದೈತ್ರಿ," ಎಂದಳು ಶಾಂತಾ. ಸಭಾಂಗಣ ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ. ಅವಳೂ ನಕ್ಕಳು. ಆ ನಗು ಕಂಡು ನನ್ನ ಎದೆಯ ಮೇಲಿನ ಬಸ್ಸು ಇಳಿದಂತಾಯಿತು.

ಜನ ಚಹಾದ ಕಡೆ ಹೋದ ಮೇಲೆ ಒಬ್ಬನೇ ಚಿತ್ರದ ಮುಂದೆ ನಿಂತೆ. ಎಷ್ಟೇ ಆಗಲಿ ಪ್ರದರ್ಶನದಲ್ಲಿ ನನ್ನ ಭಾವಚಿತ್ರವೂ ಇದೆಯಲ್ಲ ಎಂದು ಹೆಮ್ಮೆಯಾಯಿತು. ಬೋಳಿನ ಹೊಳಪು ಮಾತ್ರ ಸ್ವಲ್ಪ ಹೆಚ್ಚಾಯಿತೇನೋ ಎನಿಸಿತು. ಒಂದೇ ಒಂದು ಬೆರಳಿನಿಂದ ತುಸು ಮಂಕು ಮಾಡಿದರೆ ಹೇಗೆ ಎಂದು ಮೆಲ್ಲಗೆ ಕೈ ಎತ್ತಿದೆ.

ಸಭಾಂಗಣದ ಆ ತುದಿಯಿಂದ, ಚಹಾದ ಕಪ್ಪು ಹಿಡಿದ ಅಷ್ಟೂ ಜನರಿಗೆ ಕೇಳಿಸುವಂತೆ, ಕಲಾವಿದೆಯ ದನಿ ಬಂತು:

"ಮುಟ್ಟಬ್ಯಾಡ್ರಿ! ನೀವು ಇನ್ನಾ ಹಸಿ ಅದೀರಿ!"