ಹುಲ್ಲು ಬೆಳೆಸಲು ಲೈಸೆನ್ಸು

ಸರ್ಕಾರಿ ಕಚೇರಿಯ ಹೊಸ್ತಿಲು ದಾಟಿದರೆ ಸಾಕು, ತಪ್ಪು ಮಾಡಿದವನಂತೆ ನಿಲ್ಲುವುದು ನನ್ನ ಸ್ವಭಾವ. ಒಮ್ಮೆ ಕರೆಂಟ್ ಬಿಲ್ ಕಟ್ಟಲು ಹೋದಾಗ ಬಿಳಿ ಷರ್ಟಿನವರೊಬ್ಬರಿಗೆ ಬಗ್ಗಿ ನಮಸ್ಕಾರ ಮಾಡಿದೆ. ಅವರೂ ಪಾಪ ಬಿಲ್ ಕಟ್ಟಲು ಬಂದವರು. ನನ್ನನ್ನೇ ಅಧಿಕಾರಿಯೆಂದುಕೊಂಡು ಇನ್ನಷ್ಟು ಬಗ್ಗಿದರು. ಇಂಥ ನಾನು ನಾಲ್ಕು ಕಚೇರಿ ಸುತ್ತಬೇಕಾದ ಕಾಲವೂ ಬಂತು.

ಕಾಫಿ ಬೆಲೆ ಬಿದ್ದು, ಬಾಳೂರಿನ ಸುತ್ತಲ ಎಸ್ಟೇಟ್ ಬಂಗಲೆಗಳು ಒಂದೊಂದಾಗಿ ಹೋಂಸ್ಟೇ ಆಗುತ್ತಿದ್ದ ದಿನಗಳವು. ಅವುಗಳ ಅಂಗಳಕ್ಕೆ ಹುಲ್ಲುಹಾಸು, ಹೂದೋಟ ಮಾಡಿಕೊಡುವ 'ಲ್ಯಾಂಡ್‌ಸ್ಕೇಪಿಂಗ್' ವ್ಯವಹಾರ ನನ್ನ ತಲೆಗೆ ಹೊಕ್ಕಿತು. ಪಕ್ಕದ ಎಸ್ಟೇಟಿನಲ್ಲಿ ಕೆಲಸಕ್ಕಿದ್ದ ಗಿರಿಜಮ್ಮನ ಕೈ ಗಿಡಗಳಿಗೆ ಒಗ್ಗಿದ ಕೈ. ಅವಳನ್ನು ಜೊತೆಗೆ ಕರೆದೆ. ನನ್ನ ಮಾತು ನಂಬಿ ಅವಳು ಎಸ್ಟೇಟ್ ಕೆಲಸ ಬಿಟ್ಟೇಬಿಟ್ಟಳು. ಮೊದಲ ಗಿರಾಕಿಯೂ ಸಿಕ್ಕಿದರು. ಆದರೆ ಅವರು, "ಪಂಚಾಯ್ತಿ ಲೈಸೆನ್ಸ್ ತನ್ನಿ, ಮಾರನೇ ದಿನವೇ ಶುರು ಮಾಡಿ" ಎಂದುಬಿಟ್ಟರು.

ಪಂಚಾಯ್ತಿ ಕಾರ್ಯದರ್ಶಿ ನನ್ನ ಅರ್ಜಿಯನ್ನು ಎರಡು ಸಲ ಓದಿದರು. "ಲ್ಯಾಂಡ್ ಅಂತಿದೆಯಲ್ಲ ಮಾರಾಯ್ರೆ, ಇದು ತಾಲ್ಲೂಕು ಆಫೀಸಿಂದು" ಎಂದರು. ಮೂಡಿಗೆರೆಗೆ ಬಸ್ಸು ಹತ್ತಿದೆ. ತಾಲ್ಲೂಕು ಆಫೀಸಿನವರು, "ಗಿಡ ಅಂದ್ರೆ ತೋಟಗಾರಿಕೆ ಇಲಾಖೆ" ಎಂದು ಅತ್ತ ಕಳಿಸಿದರು. ಅಲ್ಲಿಯವರು ಅರಣ್ಯ ಇಲಾಖೆಯತ್ತ ಕೈ ತೋರಿಸಿದರು. ಅಲ್ಲಿದ್ದ ಗುಮಾಸ್ತರು, "ಮರ ಕಡೀತೀರಾ?" ಎಂದು ಕೇಳಿದರು.

"ಇಲ್ಲ ಸಾರ್, ನೆಡ್ತೀನಿ."

"ನೆಡೋಕೆ ನಮ್ಮಲ್ಲಿ ಪರ್ಮಿಟ್ ಇಲ್ಲ. ಕಡಿಯೋದಿದ್ರೆ ಬನ್ನಿ."

ವಾಪಸ್ಸು ಬಂದಾಗಲೆಲ್ಲ ಗಿರಿಜಮ್ಮ ನಮ್ಮನೆ ಗೇಟಿನ ಹತ್ತಿರ ಕಾಯುತ್ತಿದ್ದಳು. "ಎಂತಾಯ್ತು ಅಣ್ಣಾ?" ಎನ್ನುತ್ತಿದ್ದಳು. ಎಸ್ಟೇಟಿನ ಮೇಸ್ತ್ರಿ ಅಷ್ಟರಲ್ಲಿ ಅವಳ ಜಾಗಕ್ಕೆ ಬೇರೆಯವರನ್ನು ಹಾಕಿಕೊಂಡಾಗಿತ್ತು. ಅವಳ ಮುಖ ನೋಡುವುದು ಕಚೇರಿಗೆ ಹೋಗುವುದಕ್ಕಿಂತ ಕಷ್ಟವಾಯಿತು.

ಕೊನೆಗೆ ಮತ್ತೆ ಪಂಚಾಯ್ತಿಗೇ ಹೋಗಿ, ಅದೇ ಮೊದಲ ಸಲ, ಹೇಳಿಸಿಕೊಳ್ಳದೆ ಕುರ್ಚಿಯಲ್ಲಿ ಕೂತೆ. "ಲೈಸೆನ್ಸ್ ಕೊಡೋವರೆಗೂ ಏಳೋದಿಲ್ಲ" ಎಂದೆ. ಕಾರ್ಯದರ್ಶಿಗೆ ನಗು ಬಂತು. "ಆಯ್ತು, ನೀವು ಮಾಡಿದ ಕೆಲಸ ತೋರ್ಸಿ. ನಾಳೆ ನಿಮ್ಮನೆಗೇ ಬರ್ತೀನಿ" ಎಂದರು.

ಬಂದರು. ನಮ್ಮ ಅಂಗಳಕ್ಕೆ ನಾನೇ ಹಾಕಿದ ಹುಲ್ಲುಹಾಸು ದನವೂ ಮೂಸಿ ಬಿಡುವಂಥ ಸ್ಥಿತಿಯಲ್ಲಿತ್ತು. ಅವರು ಅದನ್ನು ನೋಡಿದರು, ನನ್ನನ್ನು ನೋಡಿದರು, ಬೈಕಿನ ಕಡೆ ತಿರುಗಿದರು. ಆಗ ಗಿರಿಜಮ್ಮ ಮೆಲ್ಲಗೆ, "ಸಾರ್, ನಮ್ಮನೆ ಕಡೆ ಒಂದ್ಸಲ ಬರ್ತೀರಾ?" ಎಂದಳು.

ಅವಳ ಮನೆಯೆದುರಿನ ಇಳಿಜಾರನ್ನು, ಅಷ್ಟು ವರ್ಷ ಅದೇ ದಾರಿಯಲ್ಲಿ ಓಡಾಡಿಯೂ, ನಾನು ಸರಿಯಾಗಿ ನೋಡಿರಲಿಲ್ಲ. ಹಳ್ಳದ ಕಲ್ಲುಗಳನ್ನು ಜೋಡಿಸಿ ಮಾಡಿದ ಮೆಟ್ಟಿಲು, ಸಂದಿಯಲ್ಲಿ ಜರಿಗಿಡ, ಹಳೇ ಪೇಂಟ್ ಡಬ್ಬಗಳಲ್ಲಿ ಕರ್ಣಕುಂಡಲದ ಹೂಗಳು. ಕಾರ್ಯದರ್ಶಿ ಹೆಲ್ಮೆಟ್ ತೆಗೆದರು.

"ಯಾರಮ್ಮ ಮಾಡಿದ್ದು?"

"ನಾನೇ ಸಾರ್."

ಅವರು ನನ್ನತ್ತ ತಿರುಗಿದರು. "ಕೆಲಸ ಗೊತ್ತಿರೋರ ಹೆಸರಿಗೆ ಕೊಡ್ತೀನಿ. ಹೊಸ ಅರ್ಜಿ ಬರೀರಿ."

"ಬೇಡ ಸಾರ್, ಅಣ್ಣಂದೇ ಇರ್ಲಿ" ಎಂದು ಗಿರಿಜಮ್ಮ ಗಾಬರಿಯಾದಳು. ನನಗೂ ಒಳಗೆ ಚುರುಕ್ಕೆಂದಿತು. ಆದರೂ ಅವಳ ಹೆಸರನ್ನು ನಾನೇ ದುಂಡಗೆ ಬರೆದುಕೊಟ್ಟೆ.

ವಾರದಲ್ಲಿ ಲೈಸೆನ್ಸ್ ಬಂತು. ಹೋಂಸ್ಟೇಯಲ್ಲಿ ಕೆಲಸ ಶುರುವಾದ ದಿನ ಬೆಂಗಳೂರಿನ ಅತಿಥಿಯೊಬ್ಬರು ನನ್ನನ್ನು ತೋರಿಸಿ, "ಇವರು ಯಾರಮ್ಮ?" ಎಂದು ಅವಳನ್ನು ಕೇಳಿದರು. ನಾನು ಷರ್ಟಿನ ಕಾಲರ್ ಸರಿಮಾಡಿಕೊಂಡೆ.

"ಇವ್ರಾ? ನಮ್ಮೋರೇ. ಈಗಷ್ಟೇ ಕೆಲಸ ಕಲೀತಿದ್ದಾರೆ," ಎಂದ ಗಿರಿಜಮ್ಮ, ನೀರಿನ ಪೈಪನ್ನು ನನ್ನ ಕೈಗಿಟ್ಟು, "ಬೇರಿಗೆ ಹಿಡೀರಿ ಅಣ್ಣಾ, ಎಲೆಗಲ್ಲ" ಎಂದಳು.